ದುಬಾರಿ ಬೇಸ್ ಗಿಟಾರ್ ಟೂರ್‌ಗೆ ಹೊರಟಾಗ: ಮೊದಲು ಬ್ಯಾಟರಿ, ಆಮೇಲೆ ಪೆಟ್ಟಿಗೆ

ಲಕ್ಷಗಟ್ಟಲೆ ಕೊಟ್ಟು ತಂದ ಆ್ಯಕ್ಟಿವ್ ಬೇಸ್ ವೇದಿಕೆಯ ಮೇಲೆ ಕೈಕೊಟ್ಟರೆ, ಕಾರಣ ಹೆಚ್ಚಾಗಿ ಅದರ ಎರಡು ಅಗ್ಗದ ಭಾಗಗಳಲ್ಲೇ ಇರುತ್ತದೆ: 9 ವೋಲ್ಟ್ ಬ್ಯಾಟರಿ ಮತ್ತು ಕೇಬಲ್ ಸಿಕ್ಕಿಸುವ ಜ್ಯಾಕ್. ಊರೂರು ತಿರುಗುವ ಬ್ಯಾಂಡ್‌ಗಳು ಕೇಸು, ಪಾಲಿಶ್, ಹೊಸ ಸ್ಟ್ರಿಂಗ್ ಎಂದು ಓಡಾಡಿ ಇವೆರಡನ್ನೇ ಮರೆಯುತ್ತವೆ. ಮೂರನೇ ಹಾಡಿಗೆ ದನಿ ಒಡೆಯಲು ಶುರುವಾದಾಗ ಆಂಪ್ ಬದಲಿಸುತ್ತಾರೆ, ಕೇಬಲ್ ಬದಲಿಸುತ್ತಾರೆ, ಸೌಂಡ್ ಎಂಜಿನಿಯರ್ ಜೊತೆ ವಾದಕ್ಕಿಳಿಯುತ್ತಾರೆ. ಅದಕ್ಕೇ ಇಲ್ಲಿ ಬ್ಯಾಟರಿಗೆ ಹೆಚ್ಚು ಜಾಗ.

ಹಂತ 1: ಬ್ಯಾಟರಿ

ಆ್ಯಕ್ಟಿವ್ ಬೇಸ್‌ನ ಮೈಯೊಳಗೆ ಒಂದು ಪುಟ್ಟ ಪ್ರೀಆಂಪ್ ಇರುತ್ತದೆ. 1976ರಲ್ಲಿ ಬಂದ ಮ್ಯೂಸಿಕ್ ಮ್ಯಾನ್ ಸ್ಟಿಂಗ್‌ರೇ ಈ ಪದ್ಧತಿಯನ್ನು ಜನಪ್ರಿಯಗೊಳಿಸಿತು. ಪಿಕಪ್‌ನಿಂದ (ತಂತಿಯ ಕಂಪನವನ್ನು ವಿದ್ಯುತ್ ಸಿಗ್ನಲ್ ಮಾಡುವ ಭಾಗ) ಬರುವ ಸಿಗ್ನಲ್‌ಗೆ ಬಲ ಕೊಡುವುದು, ಬೇಸ್–ಮಿಡ್–ಟ್ರೆಬಲ್ ಏರಿಳಿಸುವುದು ಇದರ ಕೆಲಸ. ಇದಕ್ಕೆ ಒಂದು 9 ವೋಲ್ಟ್ ಬ್ಯಾಟರಿ ಬೇಕು, ಕೆಲವಕ್ಕೆ ಎರಡು ಸೇರಿ 18 ವೋಲ್ಟ್.

ಸ್ವಿಚ್ ಎಲ್ಲಿದೆ ಎಂದು ಹುಡುಕಬೇಡಿ, ಜ್ಯಾಕೇ ಸ್ವಿಚ್. ಒಳಗಿರುವುದು ಸ್ಟೀರಿಯೊ ಜ್ಯಾಕ್. ಟಿಪ್, ರಿಂಗ್, ಸ್ಲೀವ್ ಎಂದು ಮೂರು ಸಂಪರ್ಕ. ಬ್ಯಾಟರಿಯ ಕಪ್ಪು ವೈರ್ ರಿಂಗ್‌ಗೆ ಹೋಗಿರುತ್ತದೆ. ಮಾಮೂಲಿ ಮೊನೊ ಕೇಬಲ್ ಚುಚ್ಚಿದಾಗ ಅದರ ಲೋಹದ ಮೈ ರಿಂಗ್ ಮತ್ತು ಸ್ಲೀವ್ ಎರಡನ್ನೂ ಕೂಡಿಸುತ್ತದೆ, ಪ್ರೀಆಂಪ್ ಆನ್ ಆಗುತ್ತದೆ. ಇದರಿಂದ ಮೂರು ವಿಷಯ ತಿಳಿಯಿರಿ. ಕೇಬಲ್ ಚುಚ್ಚಿಟ್ಟೇ ಮಲಗಿದರೆ ರಾತ್ರಿಯಿಡೀ ಬ್ಯಾಟರಿ ಖರ್ಚಾಗುತ್ತದೆ. ಪ್ಲಗ್ ಅರ್ಧ ಕೂತಿದ್ದರೆ ಪ್ರೀಆಂಪ್ ಏಳುವುದೇ ಇಲ್ಲ. ವೈರ್‌ಲೆಸ್ ಟ್ರಾನ್ಸ್‌ಮಿಟರ್‌ಗಳ ಗಿಡ್ಡ ಪ್ಲಗ್‌ನಲ್ಲಿ ಇದು ಹೆಚ್ಚು. ಇನ್ನು ಗಡಿಬಿಡಿಯಲ್ಲಿ ಕೀಬೋರ್ಡ್‌ನವರ ಸ್ಟೀರಿಯೊ ಕೇಬಲ್ ಎತ್ತಿ ಚುಚ್ಚಿದರೆ ರಿಂಗ್ ಬೇರೆಯೇ ಉಳಿದು ಬೇಸ್ ಮೂಕವಾಗಬಹುದು.

ಹೊರಡುವ ವಾರಕ್ಕೆ ಮೊದಲೇ ಒಂದು ಸಾದಾ ಡಿಜಿಟಲ್ ಮಲ್ಟಿಮೀಟರ್ ಕೈಗೆತ್ತಿಕೊಳ್ಳಿ. ಹೊಸ ಆಲ್ಕಲೈನ್ ಬ್ಯಾಟರಿ ಸುಮಾರು 9.5 ವೋಲ್ಟ್ ತೋರಿಸುತ್ತದೆ. 8.5ಕ್ಕಿಂತ ಕೆಳಗಿಳಿದದ್ದನ್ನು ಪ್ರಾಕ್ಟೀಸ್ ಕೋಣೆಗೆ ಬಿಡಿ, ಟೂರ್‌ಗೆ ಬೇಡ. ಇನ್ನೂ ಇಳಿದರೆ ಮೆಲ್ಲಗೆ ನುಡಿಸಿದಾಗ ಎಲ್ಲ ಸರಿಯಿದೆ ಎನಿಸುತ್ತದೆ, ಜೋರಾಗಿ ಮೀಟಿದಾಗ ಮಾತ್ರ ದನಿ ಸೀಳುತ್ತದೆ. ದಪ್ಪ ಬಿ ಮತ್ತು ಇ ತಂತಿಗಳಲ್ಲಿ ಮೊದಲು ಗೊತ್ತಾಗುತ್ತದೆ. ಸೌಂಡ್‌ಚೆಕ್‌ನಲ್ಲಿ ಪಾಸಾಗಿ ಶೋನಲ್ಲಿ ಕೈಕೊಡುವುದು ಈ ಕಾರಣಕ್ಕೇ.

ಎರಡನೇ ಪರೀಕ್ಷೆಯನ್ನು ಬಹಳ ಜನ ಮಾಡುವುದೇ ಇಲ್ಲ. ಬ್ಯಾಟರಿ ಎಷ್ಟು ಕರೆಂಟ್ ಕೊಡುತ್ತಿದೆ ಎಂದು ಅಳೆಯಬೇಕು. ವೈರ್‌ನ ತುದಿಗೆ ಕ್ಲಿಪ್ ಇರುವ ಬೇಸ್ ಆದರೆ ಕ್ಲಿಪ್ಪನ್ನು ಸ್ವಲ್ಪ ತಿರುಗಿಸಿ ಒಂದೇ ಗುಂಡಿ ಕೂರುವಂತೆ ಮಾಡಿ. ಮೀಟರ್‌ನ ಕೆಂಪು ವೈರನ್ನು ಮಿಲಿಆಂಪಿಯರ್ ತೂತಿಗೆ ಹಾಕಿ, ಖಾಲಿ ಉಳಿದ ಬ್ಯಾಟರಿ ಗುಂಡಿಗೆ ಒಂದು ಮೊನೆ, ಕ್ಲಿಪ್‌ನ ಖಾಲಿ ಗುಂಡಿಗೆ ಇನ್ನೊಂದು ಮೊನೆ ಮುಟ್ಟಿಸಿ. ಮಿಲಿಆಂಪಿಯರ್‌ನಲ್ಲಿದ್ದಾಗ ಎರಡೂ ಮೊನೆಗಳನ್ನು ಬ್ಯಾಟರಿಯ ಎರಡು ಗುಂಡಿಗೇ ಮುಟ್ಟಿಸಿದರೆ ಮೀಟರ್‌ನ ಫ್ಯೂಸ್ ಹೋಗುತ್ತದೆ, ಜೋಪಾನ. ಕೇಬಲ್ ಚುಚ್ಚಿದಾಗ ಸಾಮಾನ್ಯವಾಗಿ 1 ಮಿಲಿಆಂಪಿಯರ್ ಆಸುಪಾಸು ಬರುತ್ತದೆ. ಕೇಬಲ್ ಕಿತ್ತಾಗ ಸೊನ್ನೆ ಬರಲೇಬೇಕು. ಬರದಿದ್ದರೆ ಜ್ಯಾಕ್‌ನ ಎಲೆಗಳು ಒಂದಕ್ಕೊಂದು ತಾಗಿವೆ ಅಥವಾ ವೈರಿಂಗ್ ತಪ್ಪಿದೆ. ಎಷ್ಟು ಹೊಸ ಬ್ಯಾಟರಿ ಹಾಕಿದರೂ ಕೆಲವೇ ದಿನಗಳಲ್ಲಿ ಬರಿದಾಗುತ್ತದೆ.

ಆಲ್ಕಲೈನ್ 9 ವೋಲ್ಟ್‌ನ ಸಾಮರ್ಥ್ಯ ಸುಮಾರು 500 ಮಿಲಿಆಂಪಿಯರ್ ಗಂಟೆ. ಲೆಕ್ಕದಲ್ಲಿ ನೂರಾರು ಗಂಟೆ ಬರುತ್ತದೆ. ಆದರೂ ಟೂರ್ ಶುರುವಿಗೆ ಹೊಸದು, ಪ್ರತಿ ಹತ್ತು ಶೋಗೆ ಮತ್ತೆ ಹೊಸದು, ಮೀಟರ್ ಏನೇ ಹೇಳಲಿ. ಬ್ಯಾಟರಿ ಮೇಲೆ ಬಿಳಿ ಟೇಪ್ ಅಂಟಿಸಿ ಹಾಕಿದ ತಾರೀಖು ಬರೆಯಿರಿ. 18 ವೋಲ್ಟ್‌ನ ಬೇಸ್‌ನಲ್ಲಿ ಎರಡನ್ನೂ ಒಟ್ಟಿಗೇ ಬದಲಿಸಿ. ಒಂದು ಹೊಸದು, ಒಂದು ಹಳೆಯದು ಹಾಕಿದರೆ ಹಳೆಯದು ಮೊದಲು ಸತ್ತು ಹೊಸದನ್ನೂ ಕೆಲಸಕ್ಕೆ ಬಾರದಂತೆ ಮಾಡುತ್ತದೆ, ಸೋರುವ ಸಂಭವವೂ ಹೆಚ್ಚು.

ಯಾವುದು ಬೇಡ ಎಂಬುದನ್ನೂ ಹೇಳಬೇಕು. ರಸ್ತೆ ಬದಿಯ ಅಂಗಡಿಯಲ್ಲಿ ಸಿಗುವ ಅಗ್ಗದ ಕಾರ್ಬನ್–ಜಿಂಕ್ ಬ್ಯಾಟರಿ ಬೇಡ. ಸಾಮರ್ಥ್ಯ ಕಡಿಮೆ, ಸೋರಿ ಕಂಪಾರ್ಟ್‌ಮೆಂಟ್‌ನ ಸಂಪರ್ಕಗಳನ್ನು ತಿಂದುಹಾಕುತ್ತದೆ. ಯುಎಸ್‌ಬಿಯಿಂದ ಚಾರ್ಜ್ ಆಗುವ ಲಿಥಿಯಂ 9 ವೋಲ್ಟ್ ಕೂಡ ಬೇಡ. ಅದರೊಳಗಿನ ಕನ್ವರ್ಟರ್ ಹಲವು ಪ್ರೀಆಂಪ್‌ಗಳಲ್ಲಿ ಕೀರಲು ಸದ್ದು ತರುತ್ತದೆ, ಮುಗಿಯುವಾಗಲೂ ಮುನ್ಸೂಚನೆ ಕೊಡದೆ ಒಮ್ಮೆಲೇ ನಿಲ್ಲುತ್ತದೆ.

ಬ್ಯಾಟರಿ ಬದಲಿಸುವಾಗ ಕೇಬಲ್ ಕಿತ್ತಿರಲಿ, ಬೆಳಕಿರಲಿ. ರಕ್ಷಣೆಯ ಡಯೋಡ್ ಇಲ್ಲದ ಪ್ರೀಆಂಪ್‌ಗೆ ಒಂದು ಕ್ಷಣ ಪ್ಲಸ್–ಮೈನಸ್ ಅದಲುಬದಲಾದರೂ ಸಾಕು, ಐಸಿ ಸುಟ್ಟುಹೋಗಬಹುದು. ಕ್ಲಿಪ್‌ನ ಗುಂಡಿ ಸಡಿಲವಾಗಿದ್ದರೆ ಹೂವಿನಂತಿರುವ ಭಾಗವನ್ನು ಸಣ್ಣ ಇಕ್ಕಳದಿಂದ ಹಗುರವಾಗಿ ಒತ್ತಿ. ಬ್ಯಾಟರಿ ಒಳಗೆ ಅಲ್ಲಾಡುತ್ತಿದ್ದರೆ ತೆಳು ಸ್ಪಂಜ್ ಇಡಿ. ಕವರ್‌ನ ಸ್ಕ್ರೂ ನೇರ ಮರಕ್ಕೆ ಹೋಗಿದ್ದರೆ ಮೊದಲು ಹಿಮ್ಮುಖವಾಗಿ ತಿರುಗಿಸಿ. ಹಳೆಯ ಹೆಜ್ಜೆಗೆ ಬಿದ್ದ ‘ಟಕ್’ ಅನುಭವವಾದ ಮೇಲೆ ಬಿಗಿ ಮಾಡಿ. ನೇರ ತಿರುಗಿಸುತ್ತಾ ಹೋದರೆ ಕೆಲವೇ ಸಲಕ್ಕೆ ಮರದ ತೂತು ಸವೆದು ಸ್ಕ್ರೂ ಹಿಡಿಯುವುದಿಲ್ಲ.

ಹಂತ 2: ಜ್ಯಾಕ್

ಜ್ಯಾಕ್‌ನ ನಟ್ ಬೆರಳಿಗೆ ತಿರುಗುತ್ತಿದೆಯೇ ನೋಡಿ. ತಿರುಗಿದರೆ ಹೊರಗಿನಿಂದ ಸ್ಪಾನರ್ ಹಾಕಿ ಬಿಗಿ ಮಾಡಲು ಹೋಗಬೇಡಿ. ಒಳಗೆ ಇಡೀ ಜ್ಯಾಕ್ ಸುತ್ತಿ ವೈರ್ ಕಿತ್ತುಬರುತ್ತದೆ. ಹಿಂದಿನ ಕವರ್ ತೆಗೆದು ಜ್ಯಾಕ್ ಹಿಡಿದುಕೊಂಡು ನಟ್ ಬಿಗಿ ಮಾಡಿ, ಒಳಬದಿಗೆ ಹಲ್ಲಿನ ವಾಷರ್ ಹಾಕಿ. ಸಿಲಿಂಡರ್ ಆಕಾರದ ಬ್ಯಾರೆಲ್ ಜ್ಯಾಕ್ ದುಬಾರಿ ಬೇಸ್‌ಗಳಲ್ಲೂ ಬರುತ್ತದೆ, ಒಳಗಿನ ಎಲೆ ಸಡಿಲವಾದರೆ ರಿಪೇರಿ ಕಷ್ಟ. ಮರದಲ್ಲಿ ಜಾಗವಿದ್ದರೆ ಸ್ವಿಚ್‌ಕ್ರಾಫ್ಟ್ ಕಂಪನಿಯ ತೆರೆದ ಮಾದರಿಯ ಸ್ಟೀರಿಯೊ ಜ್ಯಾಕ್ ಹಾಕಿಸಿಬಿಡಿ. ಕೇಬಲ್ಲನ್ನು ಸ್ಟ್ರ್ಯಾಪ್ ಒಳಗಿಂದ ಒಮ್ಮೆ ತಂದು ಚುಚ್ಚಿದರೆ ಯಾರೋ ತುಳಿದಾಗ ಜ್ಯಾಕ್ ಮೇಲೆ ಎಳೆತ ಬೀಳುವುದಿಲ್ಲ.

ಪ್ರೀಆಂಪ್ ದಾಟಿಸಿ ಬ್ಯಾಟರಿ ಇಲ್ಲದೆಯೂ ನುಡಿಸಲು ಬಿಡುವ ಪ್ಯಾಸಿವ್ ಸ್ವಿಚ್ ಇದ್ದರೆ ಅದನ್ನು ಇವತ್ತೇ ಪರೀಕ್ಷಿಸಿ: ಬ್ಯಾಟರಿ ತೆಗೆದು ನುಡಿಸಿ ನೋಡಿ. ಹಳೆಯ ಸ್ಟಿಂಗ್‌ರೇಯಂಥ ಬೇಸ್‌ಗಳಿಗೆ ಈ ಸ್ವಿಚ್ಚೇ ಇಲ್ಲ. ಇಎಂಜಿ ಕಂಪನಿಯದರಂಥ ಆ್ಯಕ್ಟಿವ್ ಪಿಕಪ್ ಇದ್ದರೆ ಪ್ರೀಆಂಪ್ ದಾಟಿದರೂ ಪಿಕಪ್‌ಗೇ ಬ್ಯಾಟರಿ ಬೇಕು.

ಹಂತ 3: ಪ್ಯಾಕಿಂಗ್

ಸಾಮಾನ್ಯ 45–105 ಸೆಟ್‌ನ (ದಪ್ಪ ಇಂಚಿನ ಸಾವಿರದ ಭಾಗಗಳಲ್ಲಿ) ನಾಲ್ಕು ತಂತಿ ಸೇರಿ ನೆಕ್ ಮೇಲೆ ಸುಮಾರು 80 ಕೆಜಿ ಎಳೆತ ಇರುತ್ತದೆ. ವಿಮಾನಕ್ಕೆ ಹಾಕುವಾಗ ತಂತಿಗಳನ್ನು ಪೂರ್ತಿ ಸಡಿಲಿಸುವವರಿದ್ದಾರೆ, ಅದು ತಪ್ಪು. ಎಳೆತ ಹೋದ ಮೇಲೆ ಟ್ರಸ್ ರಾಡ್, ಅಂದರೆ ನೆಕ್ ಒಳಗಿನ ಲೋಹದ ಕಡ್ಡಿ, ನೆಕ್ಕನ್ನು ಹಿಂದಕ್ಕೆ ಬಾಗಿಸುತ್ತದೆ. ಒಂದು ಸ್ವರ ಇಳಿಸಿ, ಅಂದರೆ ಇ ತಂತಿಯನ್ನು ಡಿಗೆ, ಅಷ್ಟು ಸಾಕು. ರಸ್ತೆ ಪ್ರಯಾಣಕ್ಕೆ ಅದೂ ಬೇಡ.

ಪೆಟ್ಟಿಗೆಯಲ್ಲಿ ನೆಕ್ ಕೆಳಗೆ ಆಧಾರ ಇರಬೇಕು, ಹೆಡ್‌ಸ್ಟಾಕ್ (ಶ್ರುತಿ ಕೀಲಿಗಳಿರುವ ತುದಿ) ಪೆಟ್ಟಿಗೆಯ ತಳಕ್ಕಾಗಲಿ ತುದಿಗಾಗಲಿ ತಾಗಬಾರದು. ಪೆಟ್ಟಿಗೆ ಕೆಳಗೆ ಬಿದ್ದಾಗ ಮುರಿಯುವುದು ಹೆಚ್ಚಾಗಿ ನೆಕ್ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿಯ (ಇದಕ್ಕೂ ನಟ್ ಎನ್ನುತ್ತಾರೆ) ಹಿಂದಿನ ಆ ತೆಳು ಜಾಗವೇ. ಹೆಡ್‌ಸ್ಟಾಕ್ ಹಿಂದಕ್ಕೆ ವಾಲಿದ ಮಾದರಿಗಳಲ್ಲಿ ಅಪಾಯ ಇನ್ನೂ ಹೆಚ್ಚು. ಹತ್ತಿಯ ಟೀ ಶರ್ಟ್ ಮಡಿಸಿ ಹೆಡ್‌ಸ್ಟಾಕ್‌ನ ಎರಡೂ ಬದಿಗೆ, ಮೈ ಅಲ್ಲಾಡದಂತೆ ಸುತ್ತಲೂ ತುಂಬಿ. ಮುಚ್ಚಿ ಅಲುಗಾಡಿಸಿ ನೋಡಿ, ಸದ್ದು ಬರಬಾರದು. ಬ್ಯಾಟರಿ ತೆಗೆದು ಗುಂಡಿಗಳಿಗೆ ಟೇಪ್ ಸುತ್ತಿ, ನಾಣ್ಯವೋ ಬೀಗದ ಕೈಯೋ ತಾಗಿದರೆ 9 ವೋಲ್ಟ್ ಬ್ಯಾಟರಿ ಬಿಸಿಯೇರುತ್ತದೆ. ವೈರ್‌ಲೆಸ್‌ನ ಬಿಡಿ ಲಿಥಿಯಂ ಬ್ಯಾಟರಿಗಳು ಕ್ಯಾಬಿನ್ ಬ್ಯಾಗಿನಲ್ಲೇ ಹೋಗಬೇಕು.

ದೇಶೀಯ ವಿಮಾನಗಳಲ್ಲಿ ಕ್ಯಾಬಿನ್ ಬ್ಯಾಗಿನ ಉದ್ದ ಸಾಮಾನ್ಯವಾಗಿ 55 ಸೆಂ.ಮೀ. ಮಿತಿಯಲ್ಲಿರುತ್ತದೆ, ಬೇಸ್ ಸುಮಾರು 115. ಗೇಟ್‌ನಲ್ಲಿ ವಿನಂತಿಸಿದರೆ ಬಿಡುತ್ತಾರೆ ಎಂಬ ಧೈರ್ಯದಲ್ಲಿ ಬರೀ ಗಿಗ್ ಬ್ಯಾಗ್ (ಮೆತ್ತನೆಯ ಬಟ್ಟೆ ಚೀಲ) ಹಿಡಿದು ಹೋಗಬೇಡಿ. ಬಿಡದಿದ್ದರೆ ಅದೇ ಗಿಗ್ ಬ್ಯಾಗ್ ಲಗೇಜ್ ಹೋಲ್ಡ್‌ಗೆ ಹೋಗುತ್ತದೆ. ಪಕ್ಕದ ಸೀಟು ಕೊಳ್ಳಿ, ಇಲ್ಲವೇ ಗಟ್ಟಿ ಫ್ಲೈಟ್ ಕೇಸ್. ಟೆಂಪೊ ಟ್ರಾವೆಲರ್ ಆದರೆ ಸೀಟಿನ ಹಿಂದೆ ನೆಟ್ಟಗೆ ನಿಲ್ಲಿಸಿ. ಡ್ರಮ್ ಸ್ಟ್ಯಾಂಡ್‌ಗಳ ಅಡಿಯಲ್ಲಿ ಮಲಗಿಸಬೇಡಿ. ಊಟಕ್ಕೆ ನಿಲ್ಲಿಸಿದಾಗ ಬಿಸಿಲಿನ ಗಾಡಿಯೊಳಗೆ ಬಿಡಬೇಡಿ.

ಹಂತ 4: ಊರು ತಲುಪಿದ ಮೇಲೆ

ಪೆಟ್ಟಿಗೆಯನ್ನು ಮುಚ್ಚಿದಂತೆಯೇ ಕನಿಷ್ಠ ಒಂದು ಗಂಟೆ ಕೋಣೆಯಲ್ಲಿಡಿ. ತಣ್ಣಗಿನ ಮರ ಮಂಗಳೂರಿನ ಹಸಿ ಗಾಳಿಗೆ ಒಮ್ಮೆಲೇ ಬಂದರೆ ನೀರಾಡುತ್ತದೆ, ನೈಟ್ರೊ (ನೈಟ್ರೊಸೆಲ್ಯುಲೋಸ್) ಪಾಲಿಶ್ ಆದರೆ ಸೀಳು ಬಿಡಬಹುದು. ಆಮೇಲೆ ಶ್ರುತಿಗೆ ತಂದು ನೆಕ್ ಅಳೆಯಿರಿ: ಮೊದಲ ಫ್ರೆಟ್‌ಗೆ ಕ್ಯಾಪೊ (ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್), ನೆಕ್ ಮೈಗೆ ಸೇರುವಲ್ಲಿ ಬೆರಳು ಒತ್ತಿ, 7–8ನೇ ಫ್ರೆಟ್ ಬಳಿ ತಂತಿಯ ಅಡಿಯ ಸಂದು ನೋಡಿ. 0.3 ಮಿ.ಮೀ., ಅಂದರೆ ಒಂದು ವಿಸಿಟಿಂಗ್ ಕಾರ್ಡ್ ದಪ್ಪ, ಇದ್ದರೆ ಸರಿ. ಕರಾವಳಿಯಿಂದ ಚಳಿಗಾಲದ ದಿಲ್ಲಿಗೆ ಹೋದಾಗ ಇದು ಖಂಡಿತ ಬದಲಾಗುತ್ತದೆ. ಸಂದು ಹೆಚ್ಚಿದ್ದರೆ ತಂತಿ ಸಡಿಲಿಸಿ ಟ್ರಸ್ ರಾಡ್ಡನ್ನು ಬಲಕ್ಕೆ ಎಂಟನೇ ಒಂದು ಸುತ್ತು ತಿರುಗಿಸಿ, ಮತ್ತೆ ಶ್ರುತಿ ಮಾಡಿ ಅಳೆಯಿರಿ. ಬಿಗಿಯಾಗಿ ತಡೆದರೆ ಅಲ್ಲಿಗೇ ನಿಲ್ಲಿಸಿ. ಸೌಂಡ್‌ಚೆಕ್‌ಗೆ ಅರ್ಧ ಗಂಟೆ ಮುಂಚೆ ಈ ಕೆಲಸಕ್ಕೆ ಕೈಹಾಕಲೇಬೇಡಿ.

ಹಂತ 5: ವೇದಿಕೆ

ಆ್ಯಕ್ಟಿವ್ ಬೇಸ್‌ಗೆ ಸಿಗ್ನಲ್ಲನ್ನು ಮಿಕ್ಸರ್‌ಗೆ ಕಳಿಸುವ ಡಿಐ ಬಾಕ್ಸ್‌ಗಳಲ್ಲಿ ಸಾದಾ ಪ್ಯಾಸಿವ್ (ವಿದ್ಯುತ್ ಬೇಡದ) ಮಾದರಿ ಸಾಕು, ಪ್ರೀಆಂಪ್ ಅದನ್ನು ಸಲೀಸಾಗಿ ನಡೆಸುತ್ತದೆ. ಆಂಪ್‌ನಲ್ಲಿ ಒಳಬರುವ ಸಿಗ್ನಲ್ ತಗ್ಗಿಸುವ ಪ್ಯಾಡ್ ಗುಂಡಿ ಇದ್ದರೆ ಒತ್ತಿ. ಟೋನ್ ನಾಬ್‌ಗಳನ್ನು ನಡುವಿನ ನಾಚ್‌ನಲ್ಲಿಟ್ಟು ಸೌಂಡ್‌ಚೆಕ್ ಶುರುಮಾಡಿ.

ಕಾಲೇಜು ಫೆಸ್ಟ್, ಜನರೇಟರ್ ಮೇಲೆ ನಡೆಯುವ ಬಯಲು ಕಾರ್ಯಕ್ರಮಗಳಲ್ಲಿ ಅರ್ಥಿಂಗ್ ಇಲ್ಲದಿರುವುದು ಬಲು ಸಾಮಾನ್ಯ. ಮಲ್ಟಿಮೀಟರ್ ಎಸಿ ವೋಲ್ಟ್‌ಗಿಟ್ಟು ಒಂದು ಮೊನೆ ತಂತಿಗೆ, ಇನ್ನೊಂದು ಮೈಕಿನ ಜಾಲರಿಗೆ ಮುಟ್ಟಿಸಿ. ಒಂದೆರಡು ವೋಲ್ಟ್‌ಗಿಂತ ಹೆಚ್ಚಿದ್ದರೆ ಎಲೆಕ್ಟ್ರಿಷಿಯನ್ ಅರ್ಥ್ ಸರಿಮಾಡುವವರೆಗೆ ಬೇಸ್ ಮುಟ್ಟಬೇಡಿ, ಎಷ್ಟೇ ಅವಸರ ಮಾಡಲಿ. ಗುಂಯ್ ಸದ್ದು ಹೋಗಲೆಂದು ಆಂಪ್ ಪ್ಲಗ್‌ನ ಮೂರನೇ ಪಿನ್ ಕಿತ್ತವರ ಜೊತೆ ನುಡಿಸಲೂಬೇಡಿ. ಅದು ಜೀವ ತೆಗೆಯುವ ಕೆಲಸ. ಸದ್ದಿಗೆ ಡಿಐ ಬಾಕ್ಸ್‌ನ ಗ್ರೌಂಡ್ ಲಿಫ್ಟ್ ಸ್ವಿಚ್ ಇದೆ, ಅದು ಕಡಿಯುವುದು ಸಿಗ್ನಲ್ ಕೇಬಲ್‌ನ ಗ್ರೌಂಡನ್ನು ಮಾತ್ರ.

ಕಿಟ್‌ನಲ್ಲಿ ಇರಲಿ: ನಾಲ್ಕು ಬ್ಯಾಟರಿ, ಒಂದು ಸೆಟ್ ತಂತಿ, 6 ಮೀಟರ್‌ನ ಎರಡು ಮೊನೊ ಕೇಬಲ್, ನಿಮ್ಮ ಬೇಸ್‌ಗೆ ಕೂರುವ ಟ್ರಸ್ ರಾಡ್ ಕೀ, ಮೀಟರ್, ಬಿಡಿ ಜ್ಯಾಕ್, ಸೋಲ್ಡರಿಂಗ್ ಕಬ್ಬಿಣ.

ವಿದೇಶಕ್ಕಾದರೆ

ಹೊರಡುವಾಗಲೇ ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ಸೀರಿಯಲ್ ನಂಬರ್ ಸಮೇತ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿ, ವಾಪಸ್ ಬರುವಾಗ ಸುಂಕದ ಪ್ರಶ್ನೆ ಬರುವುದಿಲ್ಲ. ಫಿಂಗರ್‌ಬೋರ್ಡ್‌ನ ಮರ ಯಾವುದೆಂದು ತಿಳಿದಿರಲಿ. ನಮ್ಮ ಮಲೆನಾಡಿನ ಬೀಟೆಯೂ ಸೇರಿದ ಡಾಲ್ಬರ್ಜಿಯಾ ಕುಲದ ಬಹುತೇಕ ಮರಗಳು 2017ರ ಜನವರಿಯಲ್ಲಿ ಸೈಟಿಸ್ ಒಪ್ಪಂದದ (ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ) ಎರಡನೇ ಅನುಬಂಧಕ್ಕೆ ಸೇರಿದವು. 2019ರ ನವೆಂಬರ್‌ನಿಂದ ಸಿದ್ಧ ಸಂಗೀತ ವಾದ್ಯಗಳಿಗೆ ಅದರಿಂದ ವಿನಾಯಿತಿ ಇದೆ. ಬ್ರೆಜಿಲಿಯನ್ ರೋಸ್‌ವುಡ್‌ಗೆ ಈ ವಿನಾಯಿತಿ ಇಲ್ಲ. ಅದು 1992ರಿಂದ ಮೊದಲನೇ ಅನುಬಂಧದಲ್ಲಿದೆ, ಪರವಾನಗಿ ಇಲ್ಲದೆ ಗಡಿ ದಾಟಿಸಿದರೆ ವಾದ್ಯವನ್ನೇ ಮುಟ್ಟುಗೋಲು ಹಾಕಿಕೊಳ್ಳಬಹುದು. ಅಂಥ ಬೇಸ್ ಇದ್ದವರು ಟೂರ್‌ಗೆ ಬೇರೆಯದನ್ನು ಒಯ್ಯಿರಿ.