ಹೃದಯ ಕವಾಟದ ಕಾಯಿಲೆ: ಜನಾಂಗವಾರು ಅಂಕಿಗಳನ್ನು ಓದುವ ಕ್ರಮ

ಅಮೆರಿಕದ ಕಪ್ಪು ವರ್ಣೀಯರು ಮತ್ತು ಬಿಳಿಯರಲ್ಲಿ ಕವಾಟದ ಚಿಕಿತ್ಸೆಯ ಫಲಿತಾಂಶವನ್ನು ಹೋಲಿಸುವ ವರದಿ ಕೈಗೆ ಬಂದಾಗ ಹೆಚ್ಚಿನವರು ನೇರವಾಗಿ ಸಾವಿನ ಕೋಷ್ಟಕವನ್ನೇ ನೋಡುತ್ತಾರೆ. ಅಂಕಿಗಳು ಹತ್ತಿರವಿದ್ದರೆ ಅಸಮಾನತೆಯೇ ಇಲ್ಲವೆಂದೂ ದೂರವಿದ್ದರೆ ಅದು ಹುಟ್ಟುಗುಣವೆಂದೂ ತೀರ್ಮಾನಿಸಿಬಿಡುತ್ತಾರೆ. ಎರಡೂ ಅವಸರದ ತೀರ್ಪುಗಳು.

ಮೊದಲು ಯಾವ ಕವಾಟ, ಯಾವ ದೋಷ ಎಂದು ಗುರುತಿಸಿ. ಎಲ್ಲ ಕವಾಟಗಳನ್ನೂ ಒಂದೇ ಕೋಷ್ಟಕಕ್ಕೆ ತುಂಬಿದ ವರದಿಯನ್ನು ಪಕ್ಕಕ್ಕಿಡಿ.

ಅನಂತರ, ಜನಾಂಗವನ್ನು ರೋಗಿಯೇ ಹೇಳಿದ್ದೋ ಸಿಬ್ಬಂದಿ ಊಹಿಸಿ ಬರೆದದ್ದೋ ನೋಡಿ.

ಜನರು ಎಡವುವುದು ಮೂರನೆಯ ಹಂತದಲ್ಲಿ, ಅಂದರೆ ಯಾರನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆ ಎಂಬಲ್ಲಿ. ಎದೆ ತೆರೆಯದೆ, ರಕ್ತನಾಳದ ಮೂಲಕ ಮಹಾಪಧಮನಿಯ ಕವಾಟವನ್ನು ಕೂರಿಸುವ ಚಿಕಿತ್ಸೆಗೆ ಅಮೆರಿಕದಲ್ಲಿ 2011ರಲ್ಲಿ ಅನುಮತಿ ದೊರೆಯಿತು. 2016ರವರೆಗಿನ ರಾಷ್ಟ್ರೀಯ ನೋಂದಣಿಯಲ್ಲಿದ್ದ ಸುಮಾರು 70,000 ರೋಗಿಗಳಲ್ಲಿ ಕಪ್ಪು ವರ್ಣೀಯರು ಶೇ 4ಕ್ಕಿಂತ ಕಡಿಮೆ. ದೇಶದ ಜನಸಂಖ್ಯೆಯಲ್ಲಿ ಅವರ ಪಾಲು ಸುಮಾರು ಶೇ 13. ಹೊಂದಾಣಿಕೆಯ ಬಳಿಕ, ಅಂದರೆ ವಯಸ್ಸು, ಇತರ ಕಾಯಿಲೆಗಳಂಥ ವ್ಯತ್ಯಾಸಗಳನ್ನು ಲೆಕ್ಕದಲ್ಲಿ ಸರಿದೂಗಿಸಿದ ಮೇಲೆ, ಒಂದು ವರ್ಷದ ಸಾವಿನ ಪ್ರಮಾಣ ಮಾತ್ರ ಬಿಳಿಯರಿಗೆ ಸಮೀಪವೇ ಇತ್ತು. ಆದರೆ ಆ ಸಮಾನತೆ ಚಿಕಿತ್ಸೆಯ ಮೇಜಿನವರೆಗೆ ತಲುಪಿದವರದ್ದು. ಕವಾಟ ಗಡುಸಾಗಿ ಕಿರಿದಾಗುವ ಕಾಯಿಲೆ ಕಪ್ಪು ವರ್ಣೀಯರಲ್ಲಿ ಕಡಿಮೆ ಕಂಡುಬರುವುದು ನಿಜ. ಹಾಗೆಂದು ಶೇಕಡಾವಾರು ಅಂತರವೆಲ್ಲ ಅದರಿಂದಲೇ ಬಂತೆನ್ನಬಾರದು, ಏಕೆಂದರೆ ಕಾಯಿಲೆ ತೀವ್ರವೆಂದು ಎಕೋ ಪರೀಕ್ಷೆಯಲ್ಲಿ (ಹೃದಯದ ಅಲ್ಟ್ರಾಸೌಂಡ್) ಖಚಿತವಾದವರಲ್ಲೂ ಅವರಿಗೆ ಕವಾಟ ಬದಲಾವಣೆ ದೊರೆತದ್ದು ಕಡಿಮೆ. ಆದ್ದರಿಂದ ಕಾಯಿಲೆ ಇದ್ದವರೆಷ್ಟು, ಎಕೋ ಆದವರೆಷ್ಟು, ಶಸ್ತ್ರವೈದ್ಯರನ್ನು ಕಂಡವರೆಷ್ಟು, ಚಿಕಿತ್ಸೆ ಪಡೆದವರೆಷ್ಟು ಎಂಬ ನಾಲ್ಕು ಸಂಖ್ಯೆಗಳನ್ನು ಕಾಗದದ ಮೇಲೆ ಬರೆದುಕೊಳ್ಳಿ. ಸಾರಾಂಶವನ್ನಷ್ಟೇ ಓದುವ ಅಡ್ಡದಾರಿಯಲ್ಲಿ ಇವು ಸಿಗುವುದಿಲ್ಲ.

ಇಲ್ಲಿಯೇ ವಂಶವಾಹಿಯ ಸುಲಭ ವಿವರಣೆಯೊಂದು ಎದುರಾಗುತ್ತದೆ. ಈ ಕವಾಟವನ್ನು ಗಡುಸಾಗಿಸುವ, ರಕ್ತದಲ್ಲಿ ಕೊಬ್ಬನ್ನು ಹೊತ್ತು ಸಾಗುವ ಲೈಪೊಪ್ರೋಟೀನ್ (ಎ) ಎಂಬ ಕಣದ ಮಟ್ಟ ಬಹುಮಟ್ಟಿಗೆ ವಂಶವಾಹಿಯಿಂದ ನಿರ್ಧಾರವಾಗುತ್ತದೆ, ಮತ್ತು ಕಪ್ಪು ವರ್ಣೀಯರಲ್ಲಿ ಅದರ ಸರಾಸರಿ ಮಟ್ಟ ಹೆಚ್ಚು. ಕಾಯಿಲೆ ಮಾತ್ರ ಕಡಿಮೆ. ಒಂದೇ ಕಾರಣವನ್ನು ಹಿಡಿದು ಹೊರಟ ಲೇಖನವನ್ನು ನಂಬಬೇಡಿ.

ಕೊನೆಗೆ ಹೊಂದಾಣಿಕೆಯ ಪಟ್ಟಿ. ವಯಸ್ಸು, ಮೂತ್ರಪಿಂಡದ ಕಾಯಿಲೆ, ಸಕ್ಕರೆ ಕಾಯಿಲೆ ಅದರಲ್ಲಿರಬೇಕು. ಹೃದಯ ವೈಫಲ್ಯದ ತೀವ್ರತೆಯನ್ನೂ ಸೇರಿಸಿದ್ದರೆ ಹೊಂದಾಣಿಕೆಗೆ ಮುಂಚಿನ ಅಂಕಿಯನ್ನೂ ತಪ್ಪದೆ ನೋಡಿ: ತಡವಾಗಿ ಆಸ್ಪತ್ರೆಗೆ ಬಂದುದರಿಂದಲೇ ಆ ತೀವ್ರತೆ ಹೆಚ್ಚಿದ್ದರೆ, ವಿಳಂಬದಿಂದಾದ ಹಾನಿಯನ್ನು ಹೊಂದಾಣಿಕೆಯೇ ಲೆಕ್ಕದಿಂದ ಅಳಿಸಿಹಾಕಿರುತ್ತದೆ.