ಗಂಗ್ಸಾ ಮುಂದೆ ಮೊದಲ ಸಲ ಕುಳಿತುಕೊಳ್ಳುವವರಿಗೆ

ಗಂಗ್ಸಾ ಎಂದರೆ ಬಾಲಿಯ ವಾದ್ಯಮೇಳವಾದ ಗ್ಯಾಮೆಲಾನ್‌ನಲ್ಲಿ ಬಾರಿಸುವ ಕಂಚಿನ ಪಟ್ಟಿಗಳ ವಾದ್ಯ. ಬಾಲಿಯಲ್ಲಿ ಗ್ಯಾಮೆಲಾನ್ ಕಲಿಯುವುದು ಕೇರಿಯ ಸಮುದಾಯವಾದ ಬಂಜಾರ್‌ನ ಮಂಟಪದಲ್ಲಿ. ಚಪ್ಪಲಿ ಹೊರಗಿರಲಿ. ವಾದ್ಯವನ್ನು ದಾಟಬೇಡಿ, ಸುತ್ತಿ ಬಂದು ಕುಳಿತುಕೊಳ್ಳಿ. ಸ್ವರಲಿಪಿ ಕೇಳಬೇಡಿ, ಗುರುವಿನ ಕೈ ನೋಡಿ.

ಗಂಗ್ಸಾದ ಕಂಚಿನ ಪಟ್ಟಿಯನ್ನು ಬಲಗೈಯ ಸುತ್ತಿಗೆಯಿಂದ ಬಾರಿಸಿ. ಮುಂದಿನ ಸ್ವರ ಹೊಮ್ಮುವ ಹೊತ್ತಿಗೆ ಹಿಂದಿನ ಪಟ್ಟಿಯನ್ನು ಎಡಗೈ ಬೆರಳುಗಳಿಂದ ಹಿಡಿದು ನಾದವನ್ನು ನಿಲ್ಲಿಸಿ. ನನ್ನನ್ನು ಕೇಳಿದರೆ, ಬಾರಿಸುವುದಕ್ಕಿಂತ ನಿಲ್ಲಿಸುವುದೇ ದೊಡ್ಡ ವಿದ್ಯೆ. ಎಡಗೈ ಸೋಮಾರಿಯಾದರೆ ಇಡೀ ಮೇಳ ಗದ್ದಲವಾಗುತ್ತದೆ.

ಆಮೇಲೆ ಕೊತೆಕಾನ್, ಅಂದರೆ ಇಬ್ಬರು ಹಂಚಿಕೊಂಡು ಬಾರಿಸುವ ಸ್ವರಗಳ ಹೆಣಿಗೆ. ಒಬ್ಬರದು ಮೂಲ ಭಾಗವಾದ ಪೋಲೋಸ್, ಇನ್ನೊಬ್ಬರದು ಅದಕ್ಕೆ ಹೆಣೆಯುವ ಸಾಂಗ್ಸಿ. ಒಬ್ಬರು ಬಿಟ್ಟ ಜಾಗದಲ್ಲಿ ಇನ್ನೊಬ್ಬರ ಸ್ವರ ಬೀಳಬೇಕು. ಎರಡೂ ಹೆಣೆದುಕೊಂಡರಷ್ಟೇ ಆ ಮಿಂಚಿನ ವೇಗ ಬರುತ್ತದೆ. ಪೋಲೋಸ್‌ನಿಂದ ಆರಂಭಿಸಿ. ಒಬ್ಬರೇ ಮೆರೆಯುವ ಆಸೆಯಿದ್ದರೆ ಬೇರೆ ವಾದ್ಯ ನೋಡಿಕೊಳ್ಳಿ!

ಜೋಡಿ ವಾದ್ಯಗಳಲ್ಲಿ ಒಂದರ ಶ್ರುತಿಯನ್ನು ಬೇಕೆಂದೇ ತುಸು ತಗ್ಗಿಸಿರುತ್ತಾರೆ. ನಾದ ಅಲೆಯಾಡುವುದು ಅದರಿಂದಲೇ. ಶ್ರುತಿ ತಪ್ಪಿದೆಯೆಂದು ದೂರಬೇಡಿ.

ದೇವರು, ಮನುಷ್ಯರು, ಪ್ರಕೃತಿ ಈ ಮೂರರ ಹೊಂದಾಣಿಕೆಯನ್ನು ಬಾಲಿಯವರು ತ್ರಿ ಹಿತ ಕರಣ ಎನ್ನುತ್ತಾರೆ. 210 ದಿನಗಳಿಗೊಮ್ಮೆ ಬರುವ ತುಂಪೆಕ್ ಕ್ರುಲುತ್ ಹಬ್ಬದಂದು ವಾದ್ಯಗಳಿಗೆ ನೈವೇದ್ಯವಿಡುತ್ತಾರೆ. ಗಿಡಮರಗಳಿಗೆ ತುಂಪೆಕ್ ವಾರಿಗ ಇದೆ. ಆಹ್ವಾನ ಬಂದರೆ ಸರೋಂಗ್ ಉಟ್ಟು, ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ಹೋಗಿ.