ಪ್ಯಾಕೇಜ್ ಒಳಗಿನ ಗ್ರೌಂಡ್ ಪ್ಲೇನ್: ನಾನು ಮಾಡುವ ರೀತಿ

ಚಿಪ್‌ಗೆ ತೆಳು ತಂತಿಗಳಿಂದ ಸೇರಿ, ಅಡಿಯ ಬೆಸುಗೆ ಗುಂಡುಗಳ (ಬಾಲ್) ಮೇಲೆ ಬೋರ್ಡ್‌ನಲ್ಲಿ ಕೂರುವ ನಾಲ್ಕು ಪದರಗಳ ವೈರ್‌ಬಾಂಡ್ ಬಿಜಿಎ ಪ್ಯಾಕೇಜ್‌ಗಳಲ್ಲಿ ನನ್ನ ಪದರಕ್ರಮ ಹೀಗಿರುತ್ತದೆ: ಮೇಲೆ ಸಿಗ್ನಲ್, ಎರಡನೆಯದು ಗ್ರೌಂಡ್ (ಸಿಗ್ನಲ್ ಕರೆಂಟ್ ಮರಳಿ ಹೋಗುವ ತಾಮ್ರದ ಹಾಳೆ, ಅದೇ ಗ್ರೌಂಡ್ ಪ್ಲೇನ್), ಮೂರನೆಯದು ಪವರ್, ಕೆಳಗೆ ಬಾಲ್‌ಗಳು. ಎರಡನೇ ಪದರಕ್ಕೆ ತಾಮ್ರ ತುಂಬಿಬಿಟ್ಟರೆ ಗ್ರೌಂಡ್ ಆಯಿತು ಎಂದು ಹಲವರು ಬಿಟ್ಟುಬಿಡುತ್ತಾರೆ. ತಾಮ್ರ ಎಷ್ಟಿದೆ ಎನ್ನುವುದಕ್ಕಿಂತ ಅದು ಎಲ್ಲಿ ಕಡಿದುಹೋಗಿದೆ, ಮೇಲಕ್ಕೂ ಕೆಳಕ್ಕೂ ಹೇಗೆ ಸೇರಿದೆ ಎನ್ನುವುದೇ ಮುಖ್ಯ.

ಮೊದಲು ಬಾಂಡ್ ವೈರ್. ಒಂದು ಮಿಲಿಮೀಟರ್ ವೈರ್‌ಗೆ ಸುಮಾರು 1 ನ್ಯಾನೋಹೆನ್ರಿ ಇಂಡಕ್ಟೆನ್ಸ್ (ಕರೆಂಟ್ ಬದಲಾಗುವುದಕ್ಕೆ ಒಡ್ಡುವ ತಡೆ) ಹಿಡಿದು ಲೆಕ್ಕ ಹಾಕುತ್ತೇನೆ. 16 ಔಟ್‌ಪುಟ್‌ಗಳು ಒಟ್ಟಿಗೆ ಬದಲಾಗಿ, ಒಂದೊಂದರಲ್ಲೂ 10 ಮಿಲಿಆಂಪ್ ಅರ್ಧ ನ್ಯಾನೋಸೆಕೆಂಡಿನಲ್ಲಿ ಏರಿದರೆ, 2 ಮಿಮೀ ಉದ್ದದ ಒಂದೇ ಗ್ರೌಂಡ್ ವೈರ್ ಮೇಲೆ 640 ಮಿಲಿವೋಲ್ಟ್ ಬೀಳುತ್ತದೆ. ನಾಲ್ಕು ವೈರ್ ಹಾಕಿದರೆ 160ಕ್ಕೆ ಇಳಿಯಬೇಕು. ಆದರೆ ಅವು ಅಕ್ಕಪಕ್ಕದಲ್ಲೇ ಇದ್ದರೆ ಪರಸ್ಪರ ಇಂಡಕ್ಟೆನ್ಸ್‌ನಿಂದಾಗಿ ಅಷ್ಟು ಇಳಿಯುವುದಿಲ್ಲ. ಹಾಗಾಗಿ ಗ್ರೌಂಡ್ ವೈರ್‌ಗಳನ್ನು ಒಂದೆಡೆ ಗುಂಪು ಹಾಕದೆ ಸಿಗ್ನಲ್‌ಗಳ ನಡುವೆ ಹಂಚುತ್ತೇನೆ.

ಹೆಚ್ಚು ಹೊತ್ತು ಬೇಡುವುದು ಆಂಟಿಪ್ಯಾಡ್, ಅಂದರೆ ಪದರದಿಂದ ಪದರಕ್ಕೆ ಇಳಿಯುವ ವಯಾ ಪ್ಲೇನ್‌ಗೆ ತಾಗದಂತೆ ಅದರ ಸುತ್ತ ತಾಮ್ರದಲ್ಲಿ ಬಿಡುವ ತೂತು. 500 ಮೈಕ್ರಾನ್ ವ್ಯಾಸದ ಆಂಟಿಪ್ಯಾಡ್ ಇಟ್ಟು, ಆರು ಸಿಗ್ನಲ್ ವಯಾಗಳನ್ನು 450 ಮೈಕ್ರಾನ್ ಅಂತರದಲ್ಲಿ ಸಾಲಾಗಿ ನಿಲ್ಲಿಸಿದರೆ, ಪ್ಲೇನ್‌ನಲ್ಲಿ 2.75 ಮಿಮೀ ಉದ್ದದ ಸೀಳು ಬೀಳುತ್ತದೆ. ಗ್ರೌಂಡ್ ಸುತ್ತುಬಳಸಿಯಾದರೂ ಒಂದೇ ನೆಟ್ (ಕಡಿಯದ ಸಂಪರ್ಕ) ಆಗಿರುವುದರಿಂದ ಸಾಮಾನ್ಯ ಡಿಆರ್‌ಸಿ (ಲೇಔಟ್ ನಿಯಮಗಳ ತಪಾಸಣೆ) ಇದನ್ನು ತಪ್ಪೆಂದು ತೋರಿಸುವುದಿಲ್ಲ. ಆದರೆ ಆ ಸೀಳನ್ನು ದಾಟುವ ಪ್ರತಿ ಗೆರೆಯ ರಿಟರ್ನ್ ಕರೆಂಟ್ ತುದಿಯವರೆಗೆ ಹೋಗಿ ಬಳಸಿ ಬರಬೇಕು. ಎಲ್ಲವೂ ಅದೇ ದಾರಿ ಹಿಡಿಯುವುದರಿಂದ ಕ್ರಾಸ್‌ಟಾಕ್ (ಒಂದು ಸಿಗ್ನಲ್ ಇನ್ನೊಂದರಲ್ಲಿ ಬೆರೆಯುವುದು) ಏರುತ್ತದೆ. ಉಳಿದ ಪದರಗಳನ್ನೆಲ್ಲ ಮರೆಮಾಡಿ, ಗ್ರೌಂಡ್ ಪ್ಲೇನ್ ಒಂದನ್ನೇ ಪರದೆಯ ಮೇಲಿಟ್ಟು ಕಣ್ಣಾರೆ ನೋಡುತ್ತೇನೆ. ಎರಡು ಆಂಟಿಪ್ಯಾಡ್‌ಗಳ ನಡುವೆ ಕನಿಷ್ಠ 100 ಮೈಕ್ರಾನ್ ತಾಮ್ರ ಉಳಿಯಬೇಕು, ಅಂದರೆ ವಯಾಗಳ ಅಂತರ 600. ಜಾಗ ಸಾಲದಿದ್ದರೆ ಅಂಕುಡೊಂಕಾಗಿ ಜೋಡಿಸುತ್ತೇನೆ.

1 ಗಿಗಾಹರ್ಟ್ಸ್‌ನಲ್ಲಿ ತಾಮ್ರದೊಳಗೆ ಕರೆಂಟ್ ಇಳಿಯುವ ಆಳ ಸುಮಾರು 2 ಮೈಕ್ರಾನ್. 15 ಮೈಕ್ರಾನ್ ದಪ್ಪದ ಪ್ಲೇನ್‌ನ ಮೇಲ್ಮೈ, ಕೆಳಮೈ ಆಗ ಬೇರೆ ಬೇರೆ ಹಾಳೆಗಳಿದ್ದಂತೆ. ಹಾಗಾಗಿ ಸಿಗ್ನಲ್ ಮೇಲಿಂದ ಕೆಳಗಿಳಿದು ಬೇರೆ ಪ್ಲೇನ್ ಅನ್ನು ಆಧರಿಸುವಲ್ಲಿ ರಿಟರ್ನ್ ಕರೆಂಟೂ ದಾಟಲು ಪಕ್ಕದಲ್ಲೇ ಒಂದು ಗ್ರೌಂಡ್ ವಯಾ ಬೇಕೇ ಬೇಕು. ಆ ಪ್ಲೇನ್ ಪವರ್ ಆಗಿದ್ದರೆ ಗ್ರೌಂಡ್ ವಯಾ ಒಂದೇ ಸಾಲದು, ಹತ್ತಿರದಲ್ಲಿ ಕೆಪಾಸಿಟರ್ ಬೇಕು. ಸಾಧ್ಯವಿದ್ದಷ್ಟೂ ಬಾಲ್ ಪದರದಲ್ಲಿ ಉದ್ದದ ಗೆರೆ ಓಡಿಸುವುದೇ ಇಲ್ಲ.

ಅನಲಾಗ್, ಡಿಜಿಟಲ್ ಎಂದು ಪ್ಲೇನ್ ಅನ್ನು ಎರಡಾಗಿ ಕತ್ತರಿಸುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ಕ್ಲಾಕ್ ಹುಟ್ಟಿಸುವ ಪಿಎಲ್‌ಎಲ್ ಸರ್ಕ್ಯೂಟ್‌ಗೆ ಬೇರೆ ಗ್ರೌಂಡ್ ಬೇಕೇ ಬೇಕೆಂದರೆ ಅದಕ್ಕೆ ಸ್ವಂತ ವೈರ್, ಸ್ವಂತ ಬಾಲ್ ಕೊಟ್ಟು, ಆ ಗಡಿಯನ್ನು ಯಾವ ಗೆರೆಯೂ ದಾಟದಂತೆ ನೋಡಿಕೊಳ್ಳುತ್ತೇನೆ.

ಬೆಂಗಳೂರಿನಲ್ಲಿ ಕೂತು ನಾವು ಮಾಡುವುದು ಲೇಔಟ್ ಮತ್ತು ಸಿಮ್ಯುಲೇಶನ್. ಸಬ್‌ಸ್ಟ್ರೇಟ್ (ಈ ಪದರಗಳಿರುವ ಹಲಗೆ) ತಯಾರಾಗಿ ಬರುವುದು ತೈವಾನ್, ಜಪಾನ್, ಕೊರಿಯಾಗಳಿಂದ. ಬೆಸುಗೆ ಕರಗಿಸುವ ರೀಫ್ಲೋ ಬಿಸಿಯಲ್ಲಿ ತೇವ ಹೊರಹೋಗಲು ದಾರಿಯಿಲ್ಲದೆ ಪದರಗಳು ಉಬ್ಬಬಾರದೆಂದು ಅಲ್ಲಿನವರು ದೊಡ್ಡ ತಾಮ್ರದ ಹರವಿನಲ್ಲಿ ಡೀಗ್ಯಾಸಿಂಗ್ ತೂತುಗಳನ್ನು ಸೇರಿಸುತ್ತಾರೆ. ತೂತುಗಳು ಬೇಕು, ಆದರೆ ಎಲ್ಲಿ ಎನ್ನುವುದನ್ನು ನಾವು ಹೇಳಬೇಕು. ಅವರು ಬದಲಿಸಿದ ಗರ್ಬರ್ ಫೈಲ್ (ಪದರಗಳ ತಯಾರಿಕೆಯ ನಕ್ಷೆ) ವಾಪಸ್ ತರಿಸಿಕೊಂಡು, ಸಿಗ್ನಲ್ ಪದರದ ಮೇಲೆ ಹೊಂದಿಸಿ ನೋಡದೆ ತಯಾರಿಕೆಗೆ ಒಪ್ಪಿಗೆ ಕೊಡುವುದಿಲ್ಲ. ಒಂದೇ ಸಿಗ್ನಲ್ ಅನ್ನು ಎರಡು ಗೆರೆಗಳಲ್ಲಿ ವಿರುದ್ಧವಾಗಿ ಒಯ್ಯುವ ಡಿಫರೆನ್ಷಿಯಲ್ ಜೋಡಿಯ ಒಂದು ಗೆರೆ ತೂತುಗಳ ಸಾಲಿನ ಮೇಲೆ, ಇನ್ನೊಂದು ತುಂಬು ತಾಮ್ರದ ಮೇಲೆ ಓಡುತ್ತಿದ್ದರೆ ಎರಡರ ನಡುವೆ ಸ್ಕ್ಯೂ (ತಲುಪುವ ಹೊತ್ತಿನ ವ್ಯತ್ಯಾಸ) ಬರುತ್ತದೆ. ಅಲ್ಲಿನ ತೂತುಗಳನ್ನು ಸರಿಸಲು ಹೇಳುತ್ತೇನೆ.